ರಿವರ್ಸ್ ಗೇರಿನ ಮಗುಟ

ಲಾರಿ ನನ್ನದು, ಅದು ನಿಂತ ಜಾಗ ಅಕ್ಕನದು. ಬಾಗಲಕೋಟೆಯ ನವನಗರದಲ್ಲಿ ಅಕ್ಕನಿಗೊಂದು ಖಾಲಿ ಪ್ಲಾಟು ಇತ್ತು. ಎರಡೂ ಬದಿಗೆ ಮನೆ, ಹಿಂದೆ ಎತ್ತರದ ಗೋಡೆ, ಮುಂದೆ ರಸ್ತೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬೀಳುತ್ತ ಹೋಗಿ ಪ್ಲಾಟು ಮೊಣಕಾಲುದ್ದ ತಗ್ಗಿನಲ್ಲಿ ಉಳಿದಿತ್ತು. ಆ ತಗ್ಗಿನಲ್ಲಿ ಮೂತಿಯನ್ನು ಹಿಂಗೋಡೆಗೆ ಹಚ್ಚಿ, ಬೆನ್ನನ್ನು ರಸ್ತೆಗೆ ತೋರಿಸಿ ಮೂರು ವರ್ಷದಿಂದ ನನ್ನ ಲಾರಿ ನಿಂತಿತ್ತು. ಅದರ ಹಿಂದಿನ ಗಾಲಿಗಳನ್ನು ಓಣಿಯ ನಾಯಿಗಳು ನನಗಿಂತ ಹೆಚ್ಚು ಬಳಸಿಕೊಂಡಿದ್ದವು.

ಹುನಗುಂದದಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ದಿನ ಅದು ಇಳಿಜಾರಿನಲ್ಲಿ ತಾನೇ ಉರುಳಿ ಒಳಗೆ ಹೋಗಿ ನಿಂತಿತ್ತು. ಹೊರಗೆ ತೆಗೆಯುವುದು ಹೇಗೆಂದು ಆಗ ಯಾರೂ ಕೇಳಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಹಿಂದಕ್ಕೆ ಹೋಗುವುದು ಸುಲಭವೆಂದು ಎಲ್ಲರೂ ತಿಳಿದಿರಬೇಕು.

ಈ ವರ್ಷ ಅಕ್ಕ ಮನೆ ಕಟ್ಟಲು ಹೊರಟಳು. ಗುದ್ದಲಿಪೂಜೆ ಶುಕ್ರವಾರ ಬೆಳಗಿನ ಎಂಟೂವರೆಗೆ ಎಂದು ಗೊತ್ತಾಯಿತು. ಅಕ್ಕ ಸಾಲಿ ಮಾಸ್ತರತಿ. ಮಕ್ಕಳಿಗೆ ಹೇಳುವ ದನಿಯಲ್ಲಿಯೇ ನನಗೂ ಹೇಳಿದಳು.

"ಶುಕ್ರವಾರ ಎಂಟರೊಳಗ ನಿನ್ನ ಈ ಹೆಣ ಹೊರಗ ಹೋಗಬೇಕು. ತನ್ನ ಗಾಲಿ ಮ್ಯಾಲೆ ತಾನಽ ಹೋದ್ರ ನಿಂದು. ಇಲ್ಲಂದ್ರ ಗುಜರಿಯವಗ ಹೇಳೇನಿ, ಕ್ರೇನ್ ತರ್ತಾನ. ಬಾಡಿಗಿ ಬ್ಯಾಡಂತ, ಲಾರಿನ ಸಾಕಂತ."

ಆ ಲಾರಿ ಗುಜರಿಗೆ ಹೋಗುವುದು ನನಗೆ ಯಾಕೆ ಬೇಡವಾಗಿತ್ತು ಎಂದು ಹೇಳಿದರೆ ನನ್ನ ವಿದ್ಯೆಗೆ ಅವಮಾನ. ಆದರೂ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಎಲ್ಲರೂ ಮಾಸ್ತರರು, ಇಲ್ಲವೆ ಕಚೇರಿಯವರು. ಒಬ್ಬ ಸೋದರಮಾವ ಮಾತ್ರ ಮ್ಯಾಟ್ರಿಕ್ ಪರೀಕ್ಷೆಯ ಹಾಲಿನಿಂದ ಎದ್ದು ಹೊರಗೆ ಬಂದವನು ಸೀದಾ ಲಾರಿ ಹತ್ತಿದ. ಇಳಕಲ್ಲಿನ ಕೆಂಪು ಕಲ್ಲು ಹೇರಿಕೊಂಡು ಊರೂರು ತಿರುಗಿದ. ಅಜ್ಜಿ ಅವನ ಕೆಲಸವನ್ನು ಬಂದವರಿಗೆ "ಕಲ್ಲಿನ ಸಂಶೋಧನೆ" ಎಂದು ಹೇಳುತ್ತಿದ್ದಳು. ನನಗೆ ಆರೋ ಏಳೋ ವರ್ಷವಿದ್ದಾಗ ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ದಾರಿಯಲ್ಲಿ ಮಾಮಾ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗು ಕೈಗೆ ಕೊಟ್ಟ. ಎಲೆಯಡಿಕೆಯಿಂದ ಕೆಂಪಾದ ಅವನ ಹಲ್ಲು, ನಗುವ ಮುಖ, ನನ್ನ ಕೈಯೊಳಗೆ ನಡುಗುವ ದೊಡ್ಡ ಚಕ್ರ. ನನ್ನ ಬಾಲ್ಯದಿಂದ ಉಳಿದ ಸಂತೋಷದ ನೆನಪೆಂದರೆ ಇದೊಂದೇ. ಉಳಿದದ್ದೆಲ್ಲ ಮಗ್ಗಿ. ಮಾಮಾ ಹುನಗುಂದದ ತನ್ನ ಹಿತ್ತಲಿನಲ್ಲಿ ಬೇವಿನ ಗಿಡದ ಕೆಳಗೆ ಕೊಳೆಯುತ್ತಿದ್ದ ಅದೇ ಲಾರಿಯನ್ನು ತೋರಿಸಿ "ಬೇಕಾದ್ರ ಒಯ್ಯಿ, ಹಾವು ಅದಾವ, ಜ್ವಾಕಿ" ಎಂದಾಗ ನಾನು ಯೋಚಿಸಲೇ ಇಲ್ಲ.

ಈ ನೆನಪನ್ನು ಒಮ್ಮೆ ಅಕ್ಕನ ಮುಂದೆ ಹೇಳಿದೆ. ಅವಳು ಪೇಪರು ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.

"ತೊಡಿ ಮ್ಯಾಲೆ ಕುಂತಾಕಿ ನಾನು. ನೀ ಅಲ್ಲ."

"ನನಗ ಚೊಲೋ ನೆನಪದ. ಮಾಮಾನ ಮಾರಿ ಕಣ್ಣಿಗೆ ಕಟ್ಟಿದಂಗ ಅದ."

"ಮಾರಿ?" ಈಗ ತಲೆ ಎತ್ತಿದಳು. "ತೊಡಿ ಮ್ಯಾಲೆ ಕುಂತಾಂವಗ ಮಾರಿ ಹೆಂಗ ಕಂಡಿತ್ತೋ? ಹಿಂದ ಕಣ್ಣಿದ್ವೇನು?"

ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಸಾಕ್ಷ್ಯವಿಲ್ಲದ್ದನ್ನು ನಂಬಬೇಡಿ ಎಂದು ಹುಡುಗರಿಗೆ ವರ್ಷವಿಡೀ ಹೇಳುವವನು. ಆದರೂ ಆ ದಿನ "ಹೊಳ್ಳಿ ನೋಡಿದ್ದೆ" ಎಂದೆ. ಅದೂ ಆಗ ಹುಟ್ಟಿಸಿಕೊಂಡದ್ದು. ವಾರ ಕಳೆಯುವುದರೊಳಗೆ ಹೊಳ್ಳಿ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಾಗತೊಡಗಿತು.

ಲಾರಿಯ ರಿಪೇರಿ ಮೂರು ವರ್ಷ ಹಿಡಿಯಿತು. ಅತಿಥಿ ಉಪನ್ಯಾಸಕರಿಗೆ ಸಂಬಳ ಬರುವುದು ಸರಕಾರಕ್ಕೆ ನೆನಪಾದಾಗ. ಹಾಗೆ ನೆನಪಾದಾಗಲೊಮ್ಮೆ ಒಂದು ಭಾಗ ಬರುತ್ತಿತ್ತು. ರೇಡಿಯೇಟರು ಇಳಕಲ್ಲಿನ ಕಲ್ಲಿನ ಯಾರ್ಡಿನಲ್ಲಿ ಸತ್ತುಬಿದ್ದ ಲಾರಿಯದು. ಒಂದು ಹೆಡ್‌ಲೈಟು ಅದರದೇ, ಇನ್ನೊಂದು ಬಾದಾಮಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನದು. ಅದು ಸಣ್ಣದಾದ್ದರಿಂದ ಲಾರಿ ಸದಾ ಹಿಂಗೋಡೆಗೆ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತಿತ್ತು. ಬಾಗಿಲು ತೆರೆದರೆ ಪಕ್ಕದ ಮನೆಯ ಗೋಡೆಗೆ ಬಡಿಯುತ್ತಿತ್ತು. ಗಾಲಿ ಬಿಚ್ಚಿದರೆ ಇಡಲು ಜಾಗವಿಲ್ಲ, ರಸ್ತೆಯಲ್ಲಿ ಇಟ್ಟರೆ ಯಾರಾದರೂ ಕುಳಿತು ಚಹಾ ಕುಡಿಯುತ್ತಿದ್ದರು. ಹಿಂದಿನ ಕಬ್ಬಿಣದ ಹಲಗೆಯ ಎಡಮೂಲೆ ಬುಟ್ಟಿಯಂತೆ ಒಳಗೆ ತಗ್ಗಿತ್ತು. ಅದನ್ನು ನಾನೇ ಎರಡು ದಿನ ಸುತ್ತಿಗೆಯಿಂದ ಬಡಿದು ಸಾಪಾಟು ಮಾಡಿ ಬಣ್ಣ ಬಳಿದೆ. ಇಡೀ ಲಾರಿಯಲ್ಲಿ ನಾನು ಸ್ವಂತ ಕೈಯಿಂದ ಸರಿಮಾಡಿದ್ದು ಅದೊಂದೇ.

ಉಳಿದದ್ದು ಮೇಸ್ತ್ರಿಯದು. ಶಿರೂರಿನವನು, ಬೀರಪ್ಪನ ಒಕ್ಕಲು. ಮನೆಯಲ್ಲಿ ಕುರಿ, ಹೊಲ. ಬಾಗಲಕೋಟೆಯಲ್ಲಿ ಡೀಸೆಲ್ ಎಂಜಿನ್ನು. ಹಣೆಗೆ ಭಂಡಾರದ ಹಳದಿ ಪುಡಿ ಬಳಿಯದೆ ಸ್ಪಾನರು ಹಿಡಿಯುತ್ತಿರಲಿಲ್ಲ. ಕಾರ್ಬನ್ನು, ಎಣ್ಣೆ, ಅರಿಸಿನ ಕೂಡಿ ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಹುಲಿವೇಷದಂತೆ ಆಗುತ್ತಿತ್ತು.

ಮೊದಲ ವರ್ಷವೇ ಕ್ಯಾಬಿನ್ನು ಸ್ವಚ್ಛ ಮಾಡುವಾಗ ಡ್ರೈವರ್ ಸೀಟಿನ ಕೆಳಗೆ ಒಂದು ಕಬ್ಬಿಣದ ಕೊಕ್ಕೆ, ಅದಕ್ಕೆ ಕಟ್ಟಿದ ಒಂದು ಚಿಂದಿ ಸಿಕ್ಕಿತು. ಒರೆಸಿ ನೋಡಿದರೆ ಮಗುಟದ ತುಂಡು. ನಮ್ಮ ಮನೆಗಳಲ್ಲಿ ಪೂಜೆಗೆ, ಊಟಕ್ಕೆ ಮಡಿಯಲ್ಲಿ ಉಡುವ ಒರಟು ರೇಷ್ಮೆ. ಒಂದು ತುದಿ ಕೊಕ್ಕೆಗೆ ಬಿಗಿಯಾಗಿ ಗಂಟು, ಇನ್ನೊಂದು ತುದಿ ಖಾಲಿ. ಮುಂದಿನ ಗಾಜಿನ ಮೇಲೆ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ ಮೊದಲೇ ಸಿಕ್ಕಿದ್ದವು. ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗುವುದೇ ನನ್ನ ದೊಡ್ಡ ದೌರ್ಬಲ್ಯ.

"ನೋಡು," ಎಂದೆ ಮೇಸ್ತ್ರಿಗೆ. "ಮನಿ ಬಿಟ್ಟು ಓಡಿಹೋದಾಂವ, ಮಡಿ ಬಿಟ್ಟಿಲ್ಲ. ಅಪಘಾತ ಆಗಬಾರದು ಅಂತ ಅಜ್ಜಿ ಮಂತ್ರಿಸಿ ಕಟ್ಟಿಸಿರಬೇಕು. ಮನುಷ್ಯಾಗ ಭಯ ಇದ್ದಲ್ಲಿ ದಾರ ಹುಟ್ತದ."

"ಇರ್ಲಿ ಬಿಡ್ರಿ ಸರ. ಗಾಡ್ಯಾಗ ಕಟ್ಟಿದ್ದು ಕೇಳಲಾರದ ಬಿಚ್ಚಬಾರದ್ರಿ."

"ಯಾಕ?"

"ಯಾಕಂತ ಗೊತ್ತಿಲ್ರಿ. ಅದಕ್ಕಽ ಕೇಳಬೇಕ್ರಿ."

ನಾನು ನಕ್ಕು, ಕತ್ತರಿಯಿಂದ ಕತ್ತರಿಸಿ, ಕಸದ ಜೊತೆ ಸುಟ್ಟೆ. ಆ ವಾರ ಕ್ಲಾಸಿನಲ್ಲಿ ಅದರ ಮೇಲೆ ಹತ್ತು ನಿಮಿಷ ಪಾಠವನ್ನೂ ಮಾಡಿದೆ. ಹುಡುಗರು ಬರೆದುಕೊಂಡರು, ಪಾಪ.

ಗುರುವಾರ ಮಧ್ಯಾಹ್ನ ಎಂಜಿನ್ನು ಹತ್ತಿಕೊಂಡಿತು. ಓಣಿಯ ತುಂಬ ಕಪ್ಪು ಹೊಗೆ; ಒಣಗಲು ಹಾಕಿದ ಬಟ್ಟೆಯ ಬಗ್ಗೆ ಪಕ್ಕದ ಮನೆಯವರು ಬೈದದ್ದು ಆ ಸದ್ದಿನಲ್ಲಿ ಕೇಳಿಸಲಿಲ್ಲ. ಮೇಸ್ತ್ರಿ ರಿವರ್ಸ್ ಗೇರು ಹಾಕಿದ. ಲಾರಿ ಒಂದು ಗೇಣು ಹಿಂದಕ್ಕೆ ಸರಿದು ಇಳಿಜಾರು ಹತ್ತತೊಡಗಿದ ಕೂಡಲೇ ಗೇರಿನ ಕೋಲು ಟಣ್ಣೆಂದು ಜಿಗಿದು ನ್ಯೂಟ್ರಲ್ಲಿಗೆ ಬಂತು. ಮತ್ತೆ ಹಾಕಿದ, ಮತ್ತೆ ಜಿಗಿಯಿತು. ನಾನು ಕೈಯಿಂದ ಒತ್ತಿ ಹಿಡಿದೆ. ಹೇಸರಗತ್ತೆ ಒದ್ದಂತೆ ಒದ್ದು ನನ್ನ ಮಣಿಕಟ್ಟು ಬಾತುಕೊಂಡಿತು.

"ಹಲ್ಲು ಸವದಾವ್ರಿ ಸರ. ಗೇರ್‌ಬಾಕ್ಸ್ ಇಳಸಬೇಕು."

"ನಾಳೆ ಎಂಟರೊಳಗ?"

"ಮುಂದಿನ ತಿಂಗಳ ಎಂಟರೊಳಗ ಅನ್ರಿ. ಅದೂ ಸಾಮಾನು ಸಿಕ್ರ."

ಮಾಮಾನಿಗೆ ಫೋನು ಹಚ್ಚಿದೆ. ಅವನಿಗೆ ಕಿವಿ ಅರ್ಧ ಹೋಗಿದೆ, ಬಾಯಿ ಪೂರ್ತಿ ಇದೆ.

"ಮಾಮಾ, ರಿವರ್ಸ್ ನಿಲ್ಲವಲ್ದು! ನೀ ಹೆಂಗ ಹಾಕ್ತಿದ್ದಿ?"

"ರಿವರ್ಸಾ? ಏ ತಮ್ಮಾ, ನಾ ಬರೇ ಮುಂದ ನೋಡಿದಾಂವ. ನಿಮ್ಮಕ್ಕನ್ನ ಕೇಳು."

"ಅಕ್ಕಗೇನು ಗೊತ್ತು?"

"ನಿನಗೇನು ಗೊತ್ತು?" ಎಂದು ಫೋನು ಇಟ್ಟ.

ಮುದುಕನಿಗೆ ಅರಳುಮರಳು ಎಂದುಕೊಂಡೆ. ಗುಜರಿಯವನನ್ನು ಗೊತ್ತುಮಾಡಿದವಳ ಹತ್ತಿರ ಹೋಗಿ ಗೇರಿನ ವಿಚಾರ ಕೇಳುವುದುಂಟೆ? ಕೇಳಲಿಲ್ಲ.

ಶುಕ್ರವಾರ ಏಳಕ್ಕೆ ಕ್ರೇನು ಬಂದು ರಸ್ತೆಯ ಆ ಬದಿಗೆ ನಿಂತಿತು. ಗುಜರಿಯವನು ಕಟ್ಟೆಯ ಮೇಲೆ ಕುಳಿತು ನನ್ನ ಲಾರಿಯನ್ನು ಕಣ್ಣಿನಲ್ಲೇ ತೂಗತೊಡಗಿದ. ನಾವು ನೈಲಾನ್ ಹಗ್ಗದಿಂದ ಗೇರನ್ನು ಹಿಂದಕ್ಕೆ ಜಗ್ಗಿ ಕಟ್ಟಿ ನೋಡಿದೆವು. ನಯವಾದ ಕೋಲಿನ ಮೇಲೆ ಅದು ಜಾರಿತು. ಸುತಳಿ ಕಟ್ಟಿದೆವು, ಹರಿಯಿತು. ಏಳೂವರೆಗೆ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಹಿಂದೆ ಭಾವ, ಉಟ್ಟದ್ದು ಮಗುಟ, ಹೊದ್ದದ್ದು ಮಗುಟದ ಶಲ್ಯ. ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು, ಯಾರೂ ಮುಟ್ಟದಿರಲಿ ಎಂದು ಮೊಣಕೈಗಳನ್ನು ಮೈಗೆ ಅಂಟಿಸಿಕೊಂಡು ನಿಂತರು.

ಅಕ್ಕ ಸುತಳಿಯ ತುಂಡುಗಳನ್ನು ನೋಡಿದಳು. ಬಾತುಕೊಂಡ ನನ್ನ ಕೈ ನೋಡಿದಳು.

"ಏನಾಗ್ಯದ?"

"ರಿವರ್ಸ್ ಹಾರ್ತದ."

"ಅದು ಮೊದಲಿಂದನೂ ಹಾರ್ತದ. ಮಗುಟ ಎಲ್ಲದ?"

"ಯಾವ ಮಗುಟ?"

"ಸೀಟಿನ ಬುಡಕ ಕೊಕ್ಕಿಗೆ ಕಟ್ಟಿತ್ತಲ್ಲೋ. ಗೇರಿಗೆ ಎರಡು ಸುತ್ತು ಹಾಕಿ, ತುದಿ ಜಗ್ಗಿ ಹಿಡೀಬೇಕು. ಒರಟ ರೇಶ್ಮಿ, ಜಾರೂದಿಲ್ಲ, ಹರಿಯೂದಿಲ್ಲ. ಮಾಮಾಗ ಸ್ಟೇರಿಂಗಿಗೆ ಎರಡೂ ಕೈ ಬೇಕಿತ್ತು. ಅದಕ್ಕಽ ನನ್ನ ತೊಡಿ ಮ್ಯಾಲೆ ಕೂಡಿಸಿಕೊಂಡು ತುದಿ ನನ್ನ ಕೈಯಾಗ ಕೊಡ್ತಿದ್ದ. ಅಜ್ಜನ ಮಗುಟ ಹರದಿದ್ದ ಅಂತ ಅಜ್ಜಿ ಒಂದು ವಾರ ಅಂವಗ ಊಟಕ್ಕ ಹಾಕಿರಲಿಲ್ಲ. ಎಲ್ಲದ ಅದು?"

ಮೇಸ್ತ್ರಿ ಆಕಾಶ ನೋಡತೊಡಗಿದ.

"ಸುಟ್ಟೆ," ಎಂದೆ.

"ಯಾಕ?"

ಕ್ಲಾಸಿನಲ್ಲಿ ಹತ್ತು ನಿಮಿಷ ವಿವರಿಸಿದ್ದನ್ನು ಅಲ್ಲಿ ಒಂದು ಮಾತಿನಲ್ಲಿಯೂ ಹೇಳಲಾಗಲಿಲ್ಲ. ಅಕ್ಕ ನನ್ನನ್ನು ಬಿಟ್ಟು ಭಾವನ ಕಡೆ ತಿರುಗಿದಳು.

"ರೀ, ಶಲ್ಯ ಕೊಡ್ರಿ."

"ಏ, ಮಡಿಯೊಳಗ ಇದ್ದೇನಿ!"

"ಲಾರಿ ಹೊರಗ ಹೋಗದಿದ್ರ ಮಡಿ ಉಟಗೊಂಡು ಎಲ್ಲಿ ಕೂಡವ್ರು, ಅದರ ಟಪ್ಪಿನ ಮ್ಯಾಲೇನು?"

"ಕ್ರೇನ್ ಬಂದದಲ್ಲ!"

ಅಕ್ಕ ಕ್ರೇನಿನ ಕಡೆ ನೋಡಿದಳು. ಗುಜರಿಯವನು ಆಗಲೇ ಎದ್ದು ಸರಪಳಿ ಬಿಚ್ಚುತ್ತಿದ್ದ. ಅವಳ ಮುಖದಲ್ಲಿ ಏನು ಬದಲಾಯಿತೋ ಹೇಳಲಾರೆ. ನನ್ನ ಕಣ್ಣನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ. ಆದರೆ ಅವಳು ಭಾವನ ಹೆಗಲಿನಿಂದ ಶಲ್ಯವನ್ನು ತಾನೇ ಎಳೆದುಕೊಂಡು, ಸೀರೆಯ ನೆರಿಗೆಗಳನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕ್ಯಾಬಿನ್ನು ಹತ್ತಿದಳು. ನಾನೂ ಹತ್ತಿ ಸ್ಟೇರಿಂಗಿಗೆ ಕುಳಿತೆ, ಮೇಸ್ತ್ರಿ ದಾರಿ ತೋರಿಸಲು ಹಿಂದೆ ರಸ್ತೆಗೆ ಹೋದ. ಭಾವ ಬರಿಮೈಯಲ್ಲಿ ತಂಬಿಗೆ ಹಿಡಿದು ನಿಂತರು. ಪಕ್ಕದ ಮನೆಯವರು ಮಾಳಿಗೆ ಹತ್ತಿದರು.

ಅಕ್ಕನ ಕೈ ಸೀಟಿನ ಕೆಳಗಿನ ಕತ್ತಲೆಯಲ್ಲಿ ಕೊಕ್ಕೆಯನ್ನು ಹುಡುಕಲಿಲ್ಲ, ಸೀದಾ ಹೋಗಿ ಮುಟ್ಟಿತು. ಒಂದು ತುದಿ ಕೊಕ್ಕೆಗೆ ಗಂಟು. ಗೇರಿಗೆ ಎರಡು ಸುತ್ತು. ಉಳಿದ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು, ನನ್ನ ಪಕ್ಕದಲ್ಲಿ ಕಾಲು ಮುಂದಕ್ಕೆ ಒಡ್ಡಿ, ಹಗ್ಗಜಗ್ಗಾಟಕ್ಕೆ ಕುಳಿತವಳಂತೆ ಕುಳಿತಳು.

"ಹಾಂ, ಬಿಡು ಕ್ಲಚ್. ಹಗೂರಕ. ಹಗೂರಕ ಅಂದ್ನಿ ಲೇ, ಮಂಗ್ಯಾ!"

ಲಾರಿ ನಡುಗಿತು. ಕೋಲು ಜಿಗಿಯಲು ನೋಡಿತು, ಶಲ್ಯ ಬಿಗಿಯಾಯಿತು, ಅಕ್ಕನ ಬಳೆ ಎರಡು ಒಡೆದವು. ಗೇರು ನಿಂತಿತು. ಹಿಂದಿನ ಗಾಲಿಗಳು ಇಳಿಜಾರನ್ನು ಹತ್ತತೊಡಗಿದವು. ನನ್ನ ಎರಡೂ ಕೈಯಲ್ಲಿ ಆ ದೊಡ್ಡ ಚಕ್ರ. ಬಲಗಡೆಯ ಕನ್ನಡಿಯಲ್ಲಿ ಮೇಸ್ತ್ರಿ ಕೈ ಬೀಸುತ್ತ, ಗಂಟಲು ಹರಿಯುವಂತೆ ಒದರುತ್ತಿದ್ದ: "ಬರ್ಲಿ, ಬರ್ಲಿ, ಬರ್ಲಿ..."

ಕನ್ನಡಿಯೊಳಗೆ ಅವನ ಮುಖ ನನಗೆ ಕಾಣುತ್ತಿತ್ತು. ಅಂದರೆ ನನ್ನ ಮುಖ ಅವನಿಗೆ ಕಾಣುತ್ತಿರಬೇಕು. ಇದು ಬಹಳ ಸಾದಾ ಮಾತು, ಎಂ.ಎ. ಬೇಕಾಗಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಕೈಯಲ್ಲಿ ಚಕ್ರ ಸಡಿಲವಾಯಿತು.

"ನೆಟ್ಟಗ ಹಿಡಿ!" ಎಂದಳು ಅಕ್ಕ.

ಹಿಡಿದೆ. ಲಾರಿ ಒಂದು ಬಾರಿ ಕೆಮ್ಮಿ ರಸ್ತೆಗೆ ಬಂದು ನಿಂತಿತು. ಎಂಟಕ್ಕೆ ಇನ್ನೂ ಐದು ನಿಮಿಷವಿತ್ತು ಎಂದು ನಾನು ಹೇಳುತ್ತೇನೆ, ಎಂಟು ದಾಟಿತ್ತು ಎಂದು ಭಾವ ಹೇಳುತ್ತಾರೆ. ಗುಜರಿಯವನು ಸರಪಳಿ ಸುತ್ತಿದ. ಅಕ್ಕ ಮುಷ್ಟಿ ಬಿಚ್ಚಿ, ಕೆಂಪಾದ ಅಂಗೈಯನ್ನು ಊದಿಕೊಂಡಳು.

"ಅಕ್ಕಾ," ಎಂದೆ. "ಮಾಮಾ ರಿವರ್ಸ್ ತೊಗೊಳ್ಳಾಗ ನಾ ಎಲ್ಲಿರ್ತಿದ್ದೆ?"

"ಹಿಂದ. ರಸ್ತೇದಾಗ ನಿಂತು ಬರ್ಲಿ ಬರ್ಲಿ ಅಂತ ಒದರ್ತಿದ್ದಿ. ಮಾಮಾ ಕನ್ನಡ್ಯಾಗ ನಿನ್ನ ನೋಡಿ ಬಿದ್ದು ಬಿದ್ದು ನಗ್ತಿದ್ದ." ಬಾಗಿಲು ತೆರೆದು ಒಂದು ಕಾಲು ಇಳಿಸಿದವಳು ಮತ್ತೆ ತಿರುಗಿದಳು. "ಚೊಳಚಗುಡ್ಡದಾಗ ಒಮ್ಮಿ 'ಹೋ, ನಿಲ್ಲು' ಅನ್ನೋದು ಮರತು ನಿಂತಿದ್ದಿ. ಸೀದಾ ಗ್ವಾಡಿಗೆ ಹೋಗಿ ಬಡದ. ಹಿಂದಿನ ಮೂಲಿ ಒಳಗ ಹೋಗಿತ್ತಲ್ಲ, ನೋಡಿಲ್ಲೇನು? ಎಡಗಡೆ."

ಅಕ್ಕ ಪೂಜೆಗೆ ಹೋದಳು. ಭಾವನಿಗೆ ಯಾರೋ ಟವೆಲ್ಲು ಕೊಟ್ಟರು. ನಾವು ಲಾರಿಯನ್ನು ಶಿರೂರಿಗೆ ಒಯ್ದೆವು. ಮೇಸ್ತ್ರಿಯ ಹೊಲದಲ್ಲಿ ಕುರಿದಡ್ಡಿಯ ಪಕ್ಕಕ್ಕೆ ಜಾಗವಿದೆ, ಅಲ್ಲಿ ಮುಂದಕ್ಕೂ ಹೋಗಬಹುದು. ಗೇರ್‌ಬಾಕ್ಸು ಇಳಿಸುವುದು ಸರಕಾರಕ್ಕೆ ನನ್ನ ನೆನಪಾದ ಮೇಲೆ. ಶಲ್ಯ ಅಲ್ಲಿಯೇ ಕಟ್ಟಿಕೊಂಡಿದೆ. ಅದರ ಗಂಟಿಗೆ ಮೇಸ್ತ್ರಿ ಒಂದು ಚಿಟಿಕೆ ಭಂಡಾರ ಹಚ್ಚಿದ. ಯಾಕೆಂದು ನಾನು ಕೇಳಲಿಲ್ಲ, ಒರೆಸಲೂ ಇಲ್ಲ.

ಅವನು ಕುರಿಗಳಿಗೆ ನೀರು ಕುಡಿಸಲು ಹೋದಾಗ ನಾನು ಲಾರಿಯ ಹಿಂದೆ ಹೋಗಿ ಎಡಮೂಲೆಯನ್ನು ಕೈಯಿಂದ ಸವರಿ ನೋಡಿದೆ. ಸಾಪಾಟಾಗಿತ್ತು. ಬಹಳ ಚೆನ್ನಾಗಿ ಬಡಿದಿದ್ದೆ.