ಉಪ್ಪಿಗೆ ಎಂತ ಪರಿಹಾರ?

ಎರಡು ವರ್ಷದ ಹಿಂದಿನ ನವರಾತ್ರಿ. ಕಾಲೇಜಿಗೆ ಹೋಗಲಾಗದವರಿಗೆ ಪದವಿ ಮಟ್ಟದ ಪಾಠಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುವ ಒಂದು ಬಳಗಕ್ಕೆ ಆಗಷ್ಟೇ ಸೇರಿದ್ದೆ. ನಾನು ಓದಿದ್ದು ಪಿಯುಸಿ ವಿಜ್ಞಾನದವರೆಗೆ. ಮದುವೆಯಾಗಿ ಕಾಪುವಿಗೆ ಬಂದ ಮೇಲೆ ಪುಸ್ತಕ ಮುಟ್ಟಿದವಳಲ್ಲ. ಇಂಗ್ಲಿಷ್ ವೀಡಿಯೋಗಳ ಕೆಳಗೆ ಬರುವ ಕನ್ನಡ ಸಾಲುಗಳ ಕಾಗುಣಿತ ತಿದ್ದುವುದು ನನ್ನ ಕೆಲಸ. ದೇವರಿಗೆ ದೀಪ ಹಚ್ಚಿ, ಗಂಜಿ ಒಲೆಯ ಮೇಲಿಟ್ಟು ಕೂತರೆ ಒಂದು ಗಂಟೆ ಸಿಗುತ್ತಿತ್ತು. ಅಷ್ಟು ಸಿಕ್ಕಿದ್ದೇ ದೇವಿಯ ದಯೆ.

ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ, ನನ್ನ ಪರಿಚಯದ ಸುಜಾತ ಅದೇ ಪಾಠಗಳನ್ನು ಕಲಿಯುತ್ತಿದ್ದಳು. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಅಕ್ಕ, ಉಪ್ಪಿಗೆ ಎಂತ ಪರಿಹಾರ?"

"ಯಾಕೆ, ಸಾರಿಗೆ ಹೆಚ್ಚಾಯಿತಾ?"

"ಸಾರಲ್ಲ ಅಕ್ಕ, ಕೆಮಿಸ್ಟ್ರಿ. 'ಉಪ್ಪಿನ ಪರಿಹಾರವನ್ನು ಬಿಸಿ ಮಾಡಿ' ಅಂತ ಉಂಟು. ನಾಲ್ಕು ಸಲ ನೋಡಿದೆ, ತಲೆಗೆ ಹೋಗುವುದಿಲ್ಲ. ನಾಡಿದ್ದು ಪರೀಕ್ಷೆ. ನನ್ನಂಥವಳಿಗೆ ಇದೆಲ್ಲ ಅಲ್ಲ. ಬಿಡ್ತೇನೆ."

ತೆರೆದು ನೋಡಿದೆ. ಇಂಗ್ಲಿಷಿನಲ್ಲಿ 'ಸೊಲ್ಯೂಶನ್' ಎಂದಿದ್ದಲ್ಲೆಲ್ಲ ಅನುವಾದ ಮಾಡುವ ಕಂಪ್ಯೂಟರು 'ಪರಿಹಾರ' ಎಂದು ಹಾಕಿತ್ತು. ಕೂತಲ್ಲೇ ಎಲ್ಲವನ್ನೂ 'ದ್ರಾವಣ' ಮಾಡಿದೆ. ಸಂಜೆಯೊಳಗೆ ನಮ್ಮ ಸಂಚಾಲಕರು ಅದನ್ನು ಅಳಿಸಿ, ಮೊದಲಿನಂತೆಯೇ ಮಾಡಿದ್ದರು. ಅಂದಿನ ಆನ್‌ಲೈನ್ ಸಭೆಯಲ್ಲಿ ಎಲ್ಲರೆದುರು ಕೇಳಿದರು:

"ಮೇಡಂ, ನೀವು ಎಂತ ಓದಿದ್ದು?"

"ಪಿಯುಸಿ."

"ಹಾಗಾದರೆ ಕಾಗುಣಿತ ಮಾತ್ರ ನೋಡಿ. ವಿಷಯವನ್ನು ಓದಿದವರು ನೋಡ್ತಾರೆ."

ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೆ ಕ್ಯಾಮೆರಾ ಮುಚ್ಚಲಿಲ್ಲ. ಒಳಗೆ ಹೋಗಿ ಒಂದು ಗ್ಲಾಸು ನೀರು ತಂದೆ. ಎಲ್ಲರಿಗೂ ಕಾಣುವಂತೆ ಉಪ್ಪು ಹಾಕಿ ಕದಡಿದೆ.

"ಸರ್, ಇದು ದ್ರಾವಣ. ಹೈಸ್ಕೂಲು ಪುಸ್ತಕದಲ್ಲೇ ಉಂಟು. ಪರಿಹಾರ ಅಂದರೆ ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ದೋಷಕ್ಕೆ ಅವರು ಹೇಳುವುದು. ನಾನೂ ಕೇಳಿದ್ದೇನೆ, ಮಾಡಿಸಿದ್ದೇನೆ. ಅದನ್ನು ಯಾರೂ ಒಲೆಯ ಮೇಲಿಟ್ಟು ಕಾಯಿಸುವುದಿಲ್ಲ."

"ಸರಿ, ಮುಂದಿನ ತಿಂಗಳು ನೋಡುವ."

"ಇಲ್ಲ ಸರ್, ಇವತ್ತೇ ಆಗಬೇಕು. ನಾಡಿದ್ದು ಪರೀಕ್ಷೆ. ನಮ್ಮ ತಪ್ಪಿಗೆ ಒಬ್ಬಳು ತಾನೇ ದಡ್ಡಿ ಅಂತ ಓದು ಬಿಡ್ತಾ ಇದ್ದಾಳೆ. ನೀವು ಎಷ್ಟು ಸಲ ಅಳಿಸಿದರೂ ನಾನು ಅಷ್ಟೇ ಸಲ ಬರೆಯುತ್ತೇನೆ."

ಸಂಚಾಲಕರು ಪಾಠ ತೆರೆದು ತಾವೇ ಗಟ್ಟಿಯಾಗಿ ಓದಲು ಹೊರಟರು. ಮೂರನೆಯ ಸಾಲಿನ 'ಉಪ್ಪಿನ ಪರಿಹಾರವನ್ನು ಬಿಸಿ ಮಾಡಿ' ಎಂಬಲ್ಲಿ ನಿಲ್ಲಿಸಿದರು.

"ಬದಲಿಸಿ ಮಾರಾಯ್ರೆ," ಎಂದರು.

ಪುಣ್ಯಕ್ಕೆ ಅಂದು ಕರೆಂಟು ಹೋಗಲಿಲ್ಲ. ಸಭೆ ಮುಗಿದೊಡನೆ ತಿದ್ದಿ ಸುಜಾತಳಿಗೆ ಫೋನು ಮಾಡಿದೆ. ಅವಳು ಪರೀಕ್ಷೆ ಬರೆದಳು, ಪಾಸಾದಳು. ಈಗ ಮುಂದಿನ ಪಾಠಗಳಲ್ಲಿದ್ದಾಳೆ.

ಕೆಲವು ದಿನ ಕಳೆದು ಸಂಚಾಲಕರೇ ಫೋನು ಮಾಡಿದರು. ಪಾಠದ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರು ಹಾಕುತ್ತಿದ್ದರಂತೆ. "ಎಲ್ಲರ ಹೆಸರಿನ ಮುಂದೆ ಡಿಗ್ರಿ ಉಂಟು. ನಿಮ್ಮದು ಖಾಲಿ ಬಿಡುವುದಾ?"

"ಖಾಲಿ ಯಾಕೆ ಸರ್? ಪಿಯುಸಿ, ಗೃಹಿಣಿ, ಕಾಪು ಅಂತ ಹಾಕಿ."

ಹಾಗೆಯೇ ಹಾಕಿದ್ದಾರೆ. ಈಗಲೂ ಆ ಪಾಠ ತೆರೆದರೆ, ಕೊನೆಯಲ್ಲಿ ನನ್ನ ಹೆಸರಿನ ಆ ಸಾಲು ಬಂದು ಹೋಗುವವರೆಗೆ ನಾನು ಫೋನು ಕೆಳಗಿಡುವುದಿಲ್ಲ.