ಸೆರಗಿಗೆ ಬಿದ್ದ ಅಕ್ಕಿ

ಮರಾಠಿ ನಾಡಿನ ಅಂಬಡದ ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಹೋದ ತಿಂಗಳು, ಅವ್ವ ನನ್ನನ್ನು ಕರೆದುಕೊಂಡು ಪುಕ್ಕಟೆ ರೇಷನ್ ಹಂಚುವ ಕಡೆ ಹೋದಳು. ಆಧಾರ್ ಕೇಳುತ್ತಾರೆ, ಊರು ಕೇಳುತ್ತಾರೆ, ಬೈದು ಕಳಿಸುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದಳು. ಅಲ್ಲಿ ತಮ್ಮ ಮನೆ ಬಾಗಿಲಲ್ಲೇ ಹಂಚುತ್ತಿದ್ದ ಮರಾಠಿ ಅಜ್ಜಿ ಕೇಳಿದ್ದು ಒಂದೇ: "ಪಿಶವಿ ಕುಠೆ?"

ಚೀಲವನ್ನೇ ಮರೆತು ಬಂದಿದ್ದೆವು. ಅವ್ವ ನನ್ನನ್ನು ದುರುಗುಟ್ಟಿ ನೋಡಿ, ಸೆರಗು ಒಡ್ಡಿ ನಿಂತಳು. ನಾನು ನಾಚಿಕೆಯಿಂದ ಅವಳ ಬೆನ್ನ ಹಿಂದೆ ಸರಿದೆ.

ಅಜ್ಜಿ ಅಕ್ಕಿಯ ಬುಟ್ಟಿ ಕೆಳಗಿಟ್ಟು ಒಳಗೆ ಹೋದರು. ದೇವರ ಪಟದ ಮುಂದಿನ ಕುಂಕುಮ ತಂದು ಅವ್ವನ ಹಣೆಗಿಟ್ಟರು. ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವಂತೆ ಅಕ್ಕಿ ಸುರಿದು, ಮೇಲೊಂದು ಬೆಲ್ಲದ ಚೂರು ಇಟ್ಟರು.

ಮನೆಯಲ್ಲಿ ಅಪ್ಪ ಅಳುಕುತ್ತಲೇ ಕೇಳಿದ, "ಏನಂದ್ರು?"

"ಏನಂತಾರ್ರಿ? ತವರಮನ್ಯಾಗ ಯಾರರ ಏನರ ಅಂತಾರೇನ್ರಿ?"