ಎಣ್ಣೆ ತೂತಿಗೆ ಹಸಿರು ಬಣ್ಣ

ಗೆರಾರ್ಡ್ ಕೊತೀರ್ಬಾ ಮಾಮ ನಮ್ಮ ಹೆಡ್ವಿಗ್ ಗಣಿಯ ಹಬೆ ಯಂತ್ರವನ್ನು ಮೂವತ್ತೊಂದು ವರ್ಷ ನಡೆಸಿದವರು. ಗಣಿಯೊಳಗೆ ಜನರನ್ನು ಇಳಿಸಿ ಹತ್ತಿಸುತ್ತಿದ್ದದ್ದು ಅದೇ ಯಂತ್ರ. ನಮ್ಮಪ್ಪನ ಜೀವ ದಿನಕ್ಕೆರಡು ಸಲ ಅವರ ಕೈಯಲ್ಲಿರುತ್ತಿತ್ತು. ಹಾಗಾಗಿ ನಾನು ಅವರ ಅಭಿಮಾನಿ, ಮುಚ್ಚಿಡುವುದೇನಿದೆ.

ಗಣಿ ಮುಚ್ಚಿತು, ಯಂತ್ರವನ್ನು ಸ್ಮಾರಕ ಮಾಡಲು ಹೊರಟರು. ತಲೆನೋವು ಶುರುವಾದದ್ದೇ ಅಲ್ಲಿಂದ. ಚೆಂದ ಕಾಣಲೆಂದು ಯಾರೋ ಪುಣ್ಯಾತ್ಮರು ಅದಕ್ಕೆ ದಪ್ಪಗೆ ಹಸಿರು ಬಣ್ಣ ಬಳಿದರು. ಎಣ್ಣೆ ಬಿಡುವ ಹದಿನೆಂಟು ತೂತುಗಳೂ ಮುಚ್ಚಿಹೋದವು. ಮರುವಾರ ಸ್ಮಾರಕಗಳ ಇಲಾಖೆಯವರು ಬಂದು ಫೋಟೊ ತೆಗೆದು, ಈಗಿರುವ ಸ್ಥಿತಿಯಲ್ಲೇ ಕಾಪಾಡತಕ್ಕದ್ದು ಎಂದು ಬರೆದಿಟ್ಟರು.

ಡಿಸೆಂಬರ್ ನಾಲ್ಕು ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಹಬ್ಬ. ಅವತ್ತು ಗಣಿಯ ಬ್ಯಾಂಡು ಅಂಗಳಕ್ಕೆ ಬಂದಾಗ ಯಂತ್ರದ ಚಕ್ರ ತಿರುಗಲೇಬೇಕು. ಎಣ್ಣೆಯಿಲ್ಲದೆ ತಿರುಗಿಸಿದರೆ ಬೇರಿಂಗ್ ಸುಟ್ಟು, ಅದು ಮತ್ತೆಂದೂ ತಿರುಗದು.

ಮಾಮ ಇಲಾಖೆಯ ಇಲೋನಾ ಮೇಡಂ ಹತ್ತಿರ ಹೋದರು. ನಾನೂ ಜೊತೆಗಿದ್ದೆ.

“ಮೇಡಂ, ತೂತಿನ ಮೇಲಿನ ಬಣ್ಣ ಕೆರೀತೀನಿ, ಅಷ್ಟೇ.”

“ಬಣ್ಣಾನೂ ಸ್ಮಾರಕದ ಭಾಗ, ಗೆರಾರ್ಡ್ ಅವರೇ. ಅರ್ಜಿ ಕೊಡಿ.”

“ಮಾರ್ಚ್‌ನಲ್ಲೇ ಕೊಟ್ಟೆನಲ್ಲ.”

“ಅದು ಎಣ್ಣೆ ಹಾಕೋಕೆ. ಕೆರೆಯೋಕೆ ಬೇರೆ.”

“ಹಂಗಾದ್ರೆ ಬಳಿದೋನು ಯಾವ ಅರ್ಜಿ ಕೊಟ್ಟಿದ್ದ?”

“ಆಗ ಇದಿನ್ನೂ ಸ್ಮಾರಕ ಆಗಿರ್ಲಿಲ್ಲ.”

ಮಾಮ ಟೋಪಿ ಹಾಕಿಕೊಂಡು ಎದ್ದುಬಂದರು.

ಮನೆಯಲ್ಲಿ ಅವರ ಹೆಂಡತಿ ತ್ರೂಡ್ಲಾ ಅತ್ತೆ ವಿಷಯ ಕೇಳಿ ಸಿಡುಕಿದರು. “ಆ ಕಬ್ಬಿಣದ ಮೇಲಿರೋ ಪ್ರೀತಿ ಈ ಮನೆ ಮೇಲಿದ್ದಿದ್ರೆ ನಲ್ಲಿ ಸೋರ್ತಿರ್ಲಿಲ್ಲ.” ಹಾಗೆಂದವರೇ ತಾವು ನೂಲು ಹೆಣೆಯುವ ಕ್ರೋಶಾ ಕಡ್ಡಿ ತೆಗೆದುಕೊಟ್ಟರು. “ತಗೊಳ್ರಿ. ಬಗ್ಗಿಸ್ಕೊಂಡ್ ಬಂದ್ರೆ ಮಾತ್ರ ಊಟ ಇಲ್ಲ.”

ಆಮೇಲೆ ಮಾಮ ದಿನಾ ಬೆಳಿಗ್ಗೆ ಎಲ್ಲರಂತೆ ಟಿಕೆಟ್ ತೆಗೆದುಕೊಂಡೇ ಒಳಗೆ ಬರುತ್ತಿದ್ದರು. ಸ್ಮಾರಕದ ಬಾಗಿಲಲ್ಲಿ ಟಿಕೆಟ್ ಹರಿಯುವವಳು ನಾನೇ. ಹರಿದುಕೊಟ್ಟು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ. ಅವರು ಯಂತ್ರದ ಸುತ್ತ ಕಟ್ಟಿದ್ದ ಹಗ್ಗ ದಾಟಿ, ಕಡ್ಡಿಯಿಂದ ಒಂದು ತೂತು ಬಿಡಿಸಿ, ಕೆಮ್ಮಿನ ಔಷಧಿ ಬಾಟಲಿಯಿಂದ ಎಣ್ಣೆ ಬಿಟ್ಟು, ಉದುರಿದ ಬಣ್ಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ದಿನಕ್ಕೊಂದರಂತೆ ಹದಿನೆಂಟೂ ಮುಗಿದವು.

ಹಬ್ಬದ ದಿನ ಚಕ್ರ ಸದ್ದಿಲ್ಲದೆ ತಿರುಗಿತು. ಇಲೋನಾ ಮೇಡಂ ಖುಷಿಯಿಂದ ಮಾಮನ ಕಡೆ ತಿರುಗಿದರು.

“ನೋಡಿದ್ರಾ? ಯಾರೂ ಮುಟ್ಟದೆ ಕಾಪಾಡಿದ್ದಕ್ಕೇ ಇಷ್ಟು ಚೆನ್ನಾಗಿ ತಿರುಗ್ತಿದೆ.”

ಮಾಮನ ಮುಖ ಕೆಂಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೊಣಕೈಯಿಂದ ತಿವಿದರು.

“ಹೂಂ ಮೇಡಂ,” ಎಂದರು ಮಾಮ, ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತ. ಉಗುರಿನ ಸಂದಿಯ ಹಸಿರು ಇನ್ನೂ ಹೋಗಿರಲಿಲ್ಲ.